ಪಕ್ಕದ ಹೊಲಕ್ಕೆ ಫ್ಯಾನು ಬರುತ್ತದಂತೆ: ಪರಿಸರ ಅಧ್ಯಯನ ಮಾಡುವವರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ರಾಜಾಜಿನಗರದ ಸದಸ್ಯರು):
ಮೇಡಂ, ನಮ್ಮೂರು ಚಿತ್ರದುರ್ಗ ಜಿಲ್ಲೆ. ನಾನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ, ಹೊಲವನ್ನು ತಮ್ಮ ನೋಡಿಕೊಳ್ಳುತ್ತಾನೆ. ಕಳೆದ ತಿಂಗಳು ಗಾಳಿಯಂತ್ರದ ಕಂಪನಿಯ ಕಡೆಯವರು ಬಂದಿದ್ದರು. ಗುಡ್ಡದ ಸಾಲಿನ ಮೇಲೆ ಹಲವು, ನಮ್ಮ ಪಕ್ಕದ ಹೊಲದಲ್ಲಿ ಒಂದು ನಿಲ್ಲಿಸುತ್ತಾರಂತೆ. (ಊರಿನಲ್ಲಿ ಎಲ್ಲರೂ ಅದನ್ನು ಫ್ಯಾನು ಎಂದೇ ಕರೆಯುತ್ತಾರೆ.) ಪರಿಸರದ ಅನುಮತಿ ಆಗಿದೆ ಎಂದು ಮೊದಲು ಹೇಳಿದರು. ತಮ್ಮ ಕಾಗದ ತೋರಿಸಿ ಎಂದಾಗ, ಇದಕ್ಕೆ ಅನುಮತಿಯೇ ಬೇಕಿಲ್ಲ ಎಂದರು. ಯಾವುದು ನಿಜ?

ಉತ್ತರ:
ಎರಡನೆಯದು ನಿಜ. ಮೊದಲನೆಯದನ್ನು ಯಾಕೆ ಹೇಳಿದರೋ ಅವರೇ ಬಲ್ಲರು.

ಯಾವ ಯೋಜನೆಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು ಎಂಬುದನ್ನು ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪಟ್ಟಿ ಮಾಡುತ್ತದೆ. ಗಣಿ, ಅಣೆಕಟ್ಟು, ಉಷ್ಣ ವಿದ್ಯುತ್ ಸ್ಥಾವರ, ಹೆದ್ದಾರಿ ಎಲ್ಲ ಅದರಲ್ಲಿವೆ, ಗಾಳಿ ವಿದ್ಯುತ್ ಇಲ್ಲ. ಪಟ್ಟಿಯಲ್ಲಿ ಇಲ್ಲದ ಮೇಲೆ ಆ ಅಧಿಸೂಚನೆ ಹೇಳುವ ಅಧ್ಯಯನವೂ ಇಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಶಾಮಿಯಾನ ಹಾಕಿ ನಡೆಸುವ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗಾಳಿ ವಿದ್ಯುತ್ತನ್ನು ಬಿಳಿ ವರ್ಗಕ್ಕೆ, ಅಂದರೆ ಮಾಲಿನ್ಯ ಮಾಡದ ಉದ್ಯಮಗಳ ಸಾಲಿಗೆ ಸೇರಿಸಿತು. ಹೊಗೆ, ಕೊಳಚೆ ನೀರಿನ ಲೆಕ್ಕದಲ್ಲಿ ಅದು ಸರಿಯೇ. ಆದರೆ ಹೊಗೆ ಬಿಡದ ವಸ್ತುವೂ ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ, ಆ ‘ಎಲ್ಲೋ’ ಎಂಬುದನ್ನು ಕೇಳುವ ಖಾನೆಯೇ ಅಲ್ಲಿಲ್ಲ.

ಅರಣ್ಯ ಭೂಮಿಯಾದರೆ ಮಾತು ಬೇರೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ವನ್ಯಜೀವಿ ಧಾಮದ ಒಳಗಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯವರೆಗೆ ಕಡತ ಹೋಗಬೇಕು. ಆದ್ದರಿಂದ ತಮ್ಮನವರು ಮೊದಲು ಕೇಳಬೇಕಾದದ್ದು ಒಂದೇ: ಒಂದೊಂದು ಫ್ಯಾನಿನ ಸರ್ವೆ ನಂಬರ್ ಯಾವುದು? ಪಹಣಿ ತೆಗೆಸಿದರೆ ಅದು ಖಾಸಗಿಯೋ, ಗೋಮಾಳವೋ, ಅರಣ್ಯವೋ ಎಂಬುದು ಅಲ್ಲೇ ಕಾಣುತ್ತದೆ.

ಹಾಗಾದರೆ ಇಷ್ಟು ವರ್ಷ ಗಾಳಿಯಂತ್ರಗಳ ಪರಿಸರ ಅಧ್ಯಯನ ಮಾಡುತ್ತಾ ನಾನು ಯಾರ ಅನ್ನ ತಿನ್ನುತ್ತಿದ್ದೇನೆ ಎಂದು ನೀವು ಕೇಳಬಹುದು. ಬ್ಯಾಂಕಿನವರದು. ವಿದೇಶಿ ಸಾಲ, ವಿದೇಶಿ ಬಂಡವಾಳ ಬರುವ ಯೋಜನೆಗಳಲ್ಲಿ ಸಾಲ ಕೊಡುವವರು ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮದ ಮಾನದಂಡಗಳನ್ನು ಮುಂದಿಡುತ್ತಾರೆ. ಹಕ್ಕಿ, ಬಾವಲಿ, ಶಬ್ದ, ಜನರ ಜೀವನೋಪಾಯ ಎಲ್ಲವನ್ನೂ ನೋಡಿ ವರದಿ ಕೊಡಿ ಎನ್ನುತ್ತಾರೆ. ವರದಿ ಇದ್ದರೆ ಅದು ಸಾಲ ಕೊಟ್ಟವರ ಕಡತದಲ್ಲಿರುತ್ತದೆ, ನಿಮ್ಮ ಪಂಚಾಯಿತಿಯಲ್ಲಿ ಅಲ್ಲ. ಕೇಳಿ ನೋಡಿ. ಕೊಟ್ಟ ಕಂಪನಿಗಳೂ ಇವೆ.

ಪ್ರಶ್ನೆ (ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಎಂಜಿನಿಯರ್):
ನಾನು ಗಾಳಿ ವಿದ್ಯುತ್ ಕಂಪನಿಯೊಂದರಲ್ಲಿ ಜಾಗ ಗುರುತಿಸುವ ತಂಡದಲ್ಲಿದ್ದೇನೆ. ಸ್ವಲ್ಪ ಕಟುವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಗಾಳಿಯ ವೇಗ, ಇಳಿಜಾರು, ವಿದ್ಯುತ್ ಉಪಕೇಂದ್ರದ ದೂರ, ಟ್ರೇಲರ್ ಹೋಗುವ ದಾರಿ: ಇಷ್ಟು ಹೊಂದುವ ಜಾಗ ಸಿಗುವುದೇ ಕಷ್ಟ. ಬೆಕ್ಕುಗಳು, ಕಟ್ಟಡಗಳ ಗಾಜು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆ. ಕಲ್ಲಿದ್ದಲಿಗೆ ಹೋಲಿಸಿದರೆ ನಾವೇನು ಪಾಪ ಮಾಡಿದ್ದೇವೆ?

ಉತ್ತರ:
ಕಲ್ಲಿದ್ದಲಿನ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಫ್ಯಾನು ಬೇಡ ಎನ್ನುವ ಪಕ್ಷದವಳು ನಾನಲ್ಲ.

ಬೆಕ್ಕಿನ ವಾದ ಮಾತ್ರ ಒಪ್ಪುವುದಿಲ್ಲ. ಬೆಕ್ಕು ಹಿಡಿಯುವುದು ಗುಬ್ಬಿ, ಪಿಕಳಾರಗಳನ್ನು. ಅವು ವರ್ಷಕ್ಕೆ ಹಲವು ಮರಿ ಮಾಡುತ್ತವೆ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗುಡ್ಡದ ನೆತ್ತಿಗೆ ಬಡಿದು ಮೇಲೇಳುವ ಗಾಳಿಯನ್ನು ನಿಮ್ಮ ಯಂತ್ರ ಬಯಸುತ್ತದೆ, ರೆಕ್ಕೆ ಬಡಿಯದೆ ತೇಲುವ ಹದ್ದು ಗಿಡುಗಗಳಿಗೂ ಅದೇ ಬೇಕು. 160 ಮೀಟರ್ ವ್ಯಾಸದ ರೆಕ್ಕೆಚಕ್ರ ನೆಲದಿಂದ ನೋಡಿದರೆ ನಿಧಾನ ತಿರುಗುವಂತೆ ಕಾಣುತ್ತದೆ. ನಿಮಿಷಕ್ಕೆ ಹತ್ತು ಸುತ್ತು ಎಂದುಕೊಂಡರೂ ರೆಕ್ಕೆಯ ತುದಿಯ ವೇಗ ಗಂಟೆಗೆ 300 ಕಿಲೋಮೀಟರ್. ನೆಲದ ಮೇಲಿನ ಇಲಿಯನ್ನು ನೋಡುತ್ತಾ ಹಾರುವ ಹದ್ದಿಗೆ ಅದು ಕಾಣುವುದಿಲ್ಲ.

ಸತ್ತದ್ದಷ್ಟೇ ಲೆಕ್ಕವೂ ಅಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಸಾತಾರಾ ಬಳಿಯ ಚಾಲ್ಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿ. ಗಾಳಿಯಂತ್ರಗಳಿರುವ ಕಡೆ ಬೇಟೆಗಾರ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಬಾಯಿಗೆ ಬೀಳುತ್ತಿದ್ದ, ಗಂಟಲ ಚೀಲವನ್ನು ಬೀಸಣಿಗೆಯಂತೆ ಬಿಚ್ಚುವ ಓತಿಕ್ಯಾತಗಳು ಹೆಚ್ಚು. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆ, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಮೇಲಿನವನು ಮನೆ ಖಾಲಿ ಮಾಡಿದ್ದು ಕೆಳಗಿನವನ ರಕ್ತಕ್ಕೂ ಗೊತ್ತಾಗಿತ್ತು.

ನಿಲ್ಲಿಸಿದ ಮೇಲೆ ಮಾಡಬಹುದಾದದ್ದೂ ಇದೆ. ಸ್ಪೇನಿನ ಕಾದಿಸ್ ಪ್ರಾಂತ್ಯದಲ್ಲಿ ರಣಹದ್ದು ಹತ್ತಿರ ಬಂದಾಗ ಆ ಒಂದು ಯಂತ್ರವನ್ನಷ್ಟೇ ನಿಲ್ಲಿಸಿ ಸಾವನ್ನು ಅರ್ಧಕ್ಕೆ ಇಳಿಸಿದರು, ಕಳೆದುಕೊಂಡ ವಿದ್ಯುತ್ ವರ್ಷಕ್ಕೆ ಶೇಕಡಾ 0.07. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಒಂದೊಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಶೇಕಡಾ 70ಕ್ಕಿಂತ ಹೆಚ್ಚು ಕಡಿಮೆಯಾಯಿತು. ಆದರೆ ಇವೆಲ್ಲ ತಪ್ಪು ಜಾಗಕ್ಕೆ ಮಾಡುವ ಉಪಚಾರ.

ಜಾಗವೇ ಸಿಗುವುದಿಲ್ಲ ಎಂದಿರಿ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಂತೆ 150 ಮೀಟರ್ ಎತ್ತರದಲ್ಲಿ ಕರ್ನಾಟಕದ ಸಾಮರ್ಥ್ಯ ಸುಮಾರು 1,69,000 ಮೆಗಾವಾಟ್. 2025ರ ಮಾರ್ಚ್‌ವರೆಗೆ ನಿಲ್ಲಿಸಿದ್ದು ಏಳು ಸಾವಿರ ಮೆಗಾವಾಟ್‌ಗಿಂತ ತುಸು ಹೆಚ್ಚು. ಅಂದಾಜಿನ ಮುಕ್ಕಾಲು ಪಾಲನ್ನು ಉಪಕೇಂದ್ರ ದೂರ, ಇಳಿಜಾರು ಹೆಚ್ಚು ಎಂದು ಹೊಡೆದುಹಾಕಿದರೂ ಉಳಿಯುವುದು ಕಡಿಮೆಯಲ್ಲ. ಅದೇ ಒಂದು ನೆತ್ತಿಯ ಮೇಲೆ ಕೂರುವ ಹಟ ಏಕೆ?

ಎಂಜಿನಿಯರ್:
ಉಪಕೇಂದ್ರದ ದೂರವನ್ನು ಹಾಗೆ ಹೊಡೆದುಹಾಕಲು ಆಗುವುದಿಲ್ಲ ಮೇಡಂ, ಯೋಜನೆ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ಆದರೆ ಜಾಗ ಗೊತ್ತಾದ ಮೇಲಷ್ಟೇ ನಿಮ್ಮಂಥವರನ್ನು ಕರೆಯುತ್ತೇವೆ, ಅದು ತಡ ಎಂಬುದನ್ನು ಒಪ್ಪುತ್ತೇನೆ.

ಉತ್ತರ:
ತಡ ಎಂದರೆ ಎಷ್ಟು ತಡ ಎಂದು ಹೇಳಿಬಿಡುತ್ತೇನೆ. ಒಮ್ಮೆ ಒಂದು ಕಂಪನಿ (ಹೆಸರು ಬೇಡ) ‘ಜಾಗದ ಆಯ್ಕೆಗೆ ಪೂರ್ವಭಾವಿ ಅಧ್ಯಯನ’ ಎಂದು ಕರೆಸಿತು. ನಾನು ಗುಡ್ಡ ಹತ್ತಿದಾಗ ಅಡಿಪಾಯದ ಕಾಂಕ್ರೀಟಿಗೆ ಗೋಣಿಚೀಲ ಹೊದಿಸಿ ನೀರು ಉಣಿಸುತ್ತಿದ್ದರು.

ಪ್ರಶ್ನೆ (ಜ್ಞಾನಭಾರತಿಯ ಎಂಎಸ್ಸಿ ವಿದ್ಯಾರ್ಥಿನಿ):
ಮೇಡಂ, ಹಕ್ಕಿಗಳ ಅಧ್ಯಯನವನ್ನು ನಿಜವಾಗಿ ಹೇಗೆ ಮಾಡುತ್ತೀರಿ? ಪಠ್ಯದಲ್ಲಿ ಒಂದೇ ಪ್ಯಾರಾ ಇದೆ.

ಉತ್ತರ:
ಕುಳಿತು ಮಾಡುತ್ತೇವೆ! ತಮಾಷೆಯಲ್ಲ. ಸುತ್ತ ಎರಡು ಕಿಲೋಮೀಟರ್ ಕಾಣುವ ಒಂದು ದಿಬ್ಬ ಹುಡುಕಿ, ಕೊಡೆ ಹಿಡಿದು, ದುರ್ಬೀನು ಮತ್ತು ಗಡಿಯಾರ ಇಟ್ಟುಕೊಂಡು ಕೂರುವುದು. ಹಾರಿದ ಪ್ರತಿ ದೊಡ್ಡ ಹಕ್ಕಿಯ ದಾರಿಯನ್ನು ನಕ್ಷೆಯ ಮೇಲೆ ಎಳೆಯಬೇಕು, ರೆಕ್ಕೆ ತಿರುಗುವ ಎತ್ತರದಲ್ಲಿ ಎಷ್ಟು ಸೆಕೆಂಡು ಇತ್ತು ಎಂದು ಬರೆಯಬೇಕು. ಸ್ಕಾಟ್ಲೆಂಡಿನ ಮಾರ್ಗದರ್ಶಿ ಒಂದು ಋತುವಿಗೆ, ಒಂದು ದಿಬ್ಬಕ್ಕೆ ಕನಿಷ್ಠ 36 ಗಂಟೆ ಎನ್ನುತ್ತದೆ. ಇಲ್ಲಿ ನನಗೆ ‘ಎರಡು ದಿನದಲ್ಲಿ ಮುಗಿಸಿಕೊಡಿ’ ಎಂಬ ಕರೆಗಳು ಬರುತ್ತವೆ.

ಋತುವಿನದೇ ಒಂದು ತೊಡಕು. ನಮ್ಮಲ್ಲಿ ಗಾಳಿ ಜೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹ್ಯಾರಿಯರ್ ಗಿಡುಗಗಳಂಥ ವಲಸೆ ಹಕ್ಕಿಗಳು ಬಯಲಿಗೆ ಬರುವುದು ಚಳಿಗಾಲಕ್ಕೆ. ಬಾವಲಿಗಳ ಸಾವು ಹೆಚ್ಚು ಗಾಳಿ ಮಂದವಿರುವ ರಾತ್ರಿಗಳಲ್ಲಿ. ಒಂದು ಋತು ನೋಡಿ ಬರೆದ ವರದಿಗೆ ಮೂರರಲ್ಲಿ ಎರಡು ತಪ್ಪಿಹೋಗುತ್ತವೆ.

ಯಂತ್ರ ತಿರುಗಲು ಶುರುವಾದ ಮೇಲಿನ ಕೆಲಸ ಕಳೇಬರ ಹುಡುಕುವುದು. ಗೋಪುರದ ಸುತ್ತ ಸಾಲು ಹಾಕಿ ನಿಧಾನವಾಗಿ ನಡೆಯುತ್ತೇವೆ. ಇಡೀ ಹಕ್ಕಿ ಸಿಗುವುದು ಅಪರೂಪ. ಒಂದು ರೆಕ್ಕೆ, ಒಂದು ಕಾಲು, ಕೆಲವೊಮ್ಮೆ ಸಜ್ಜೆಯ ಕೂಳೆಗೆ ಸಿಕ್ಕಿಕೊಂಡ ಐದಾರು ಗರಿ. ಏನೂ ಸಿಗದಿದ್ದರೆ ಏನೂ ಸತ್ತಿಲ್ಲ ಎಂದಲ್ಲ, ನಾಯಿ ನರಿಗಳು ನಮಗಿಂತ ಮೊದಲು ಏಳುತ್ತವೆ. ಅದಕ್ಕೇ ಮೊದಲು ಪರೀಕ್ಷೆ ಮಾಡುತ್ತೇವೆ: ಸತ್ತ ಕೋಳಿಮರಿಗಳನ್ನು ಒಬ್ಬರು ಇಟ್ಟು ಬರುತ್ತಾರೆ, ಎಲ್ಲಿಟ್ಟಿದ್ದಾರೆಂದು ತಿಳಿಯದ ಇನ್ನೊಬ್ಬರು ಹುಡುಕುತ್ತಾರೆ. ಇಪ್ಪತ್ತರಲ್ಲಿ ಹನ್ನೆರಡು ಸಿಕ್ಕವು ಎನ್ನಿ. ಮುಂದಿನ ಸುತ್ತಿನ ಹೊತ್ತಿಗೆ ಅರ್ಧದಷ್ಟನ್ನು ನಾಯಿಗಳು ಎಳೆದೊಯ್ಯುತ್ತವೆ ಎನ್ನಿ. ಆಗ ಸಿಕ್ಕ ಮೂರು ಹಕ್ಕಿಗೆ ನಿಜವಾದ ಸಾವು ಹತ್ತು. ಈ ತಿದ್ದುಪಡಿ ಇಲ್ಲದೆ ‘ಸಾವು: 3’ ಎಂದು ಬರೆದ ವರದಿ ಕೈಗೆ ಬಂದರೆ ಅದನ್ನು ಮುಂದೆ ಓದಬೇಡಿ.

ಪ್ರಶ್ನೆ (ಜಯನಗರದ ಹಕ್ಕಿವೀಕ್ಷಕರು):
ಕಾಡು ಬಿಡಿ, ಬಯಲಿನ ಗತಿ ಏನು? ಹುಲ್ಲುಗಾವಲು ಕಂಡರೆ ಸಾಕು, ಪಾಳುಭೂಮಿ ಎಂದು ಬರೆದು ಕೊಟ್ಟುಬಿಡುತ್ತಾರೆ.

ಉತ್ತರ:
ಸರ್, ನನ್ನ ಹೊಟ್ಟೆಯುರಿಗೆ ಉಪ್ಪು ಹಾಕಿದಿರಿ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೆರಿಗೆ ಹುಟ್ಟದ ನೆಲವೆಲ್ಲ ಪಾಳು. ಆ ಪದವನ್ನು ಇನ್ನೂ ಉಪಗ್ರಹ ನಕ್ಷೆಗಳ ಮೇಲೆ ಅಂಟಿಸುತ್ತಿದ್ದೇವೆ. ಚಿತ್ರದುರ್ಗ, ತುಮಕೂರು, ಹಾಸನ ಕಡೆಯ ಅಮೃತಮಹಲ್ ಕಾವಲುಗಳು ಮೈಸೂರು ಸಂಸ್ಥಾನದ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳು. ಅವು ಕೃಷ್ಣಮೃಗ, ತೋಳಗಳ ನೆಲೆಯೂ ಹೌದು, ಕುರಿಗಾಹಿಗಳ ಅನ್ನವೂ ಹೌದು. ಮರವಿಲ್ಲ ಎಂಬುದೇ ಅವುಗಳ ಅಪರಾಧ.

ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಫ್ಯಾನಿನ ರೆಕ್ಕೆಗಿಂತ ವಿದ್ಯುತ್ ತಂತಿ ದೊಡ್ಡ ಶತ್ರು. ಮೈ ಭಾರ, ನೇರ ಎದುರಿಗಿನ ನೋಟ ಮಂದ. ತಂತಿ ಕಂಡು ಹೊರಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ರಾಜಸ್ಥಾನ, ಗುಜರಾತುಗಳ ಈ ಹಕ್ಕಿಗಾಗಿ ತಂತಿಗಳನ್ನು ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಆ ಸಾರಾಸಗಟು ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಯಂತ್ರದ ಜಾಗದಷ್ಟೇ ತಂತಿಯ ದಾರಿಯನ್ನೂ ನೋಡಬೇಕು. ಅದು ಎಷ್ಟೋ ಸಲ ಬೇರೆಯದೇ ಗುತ್ತಿಗೆ, ಬೇರೆಯದೇ ಕಡತ.

ಇನ್ನೊಂದು. ಒಂದೇ ಗುಡ್ಡದ ಸಾಲಿಗೆ ಒಂದು ಕಂಪನಿ ಹತ್ತು, ಇನ್ನೊಂದು ಇಪ್ಪತ್ತು, ಮೂರನೆಯದು ಹದಿನೈದು ತರುತ್ತದೆ. ಪ್ರತಿಯೊಬ್ಬರ ವರದಿಯೂ ತನ್ನ ಹತ್ತನ್ನು, ಇಪ್ಪತ್ತನ್ನು ಮಾತ್ರ ನೋಡಿ ‘ಪರಿಣಾಮ ಅಲ್ಪ’ ಎನ್ನುತ್ತದೆ. ನಲವತ್ತೈದನ್ನು ಒಟ್ಟಿಗೆ ನೋಡುವವರು ಯಾರು? ಯುರೋಪಿನಲ್ಲಿ 2001ರ ನಿರ್ದೇಶನದಂತೆ, ಯೋಜನೆಗಳಿಗೂ ಮೊದಲು ಸರ್ಕಾರದ ಇಡೀ ವಲಯ ನಕ್ಷೆಯೇ ಪರಿಸರ ಪರೀಕ್ಷೆಗೆ ಒಳಗಾಗಬೇಕು. ನಮ್ಮ ಕಾನೂನಿನಲ್ಲಿ ಅಂಥದ್ದಿಲ್ಲ. ಸದ್ಯಕ್ಕೆ ಅವಿಸ್ಟೆಪ್ ಎಂಬ ಉಚಿತ ನಕ್ಷೆ ಇದೆ, ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ 2022ರಲ್ಲಿ ತಂದದ್ದು. ಭಾರತವನ್ನು ಚೌಕಗಳಾಗಿ ಭಾಗಿಸಿ ಎಲ್ಲಿ ಹಕ್ಕಿಗಳಿಗೆ ಅಪಾಯ ಹೆಚ್ಚು ಎಂದು ಬಣ್ಣದಲ್ಲಿ ತೋರಿಸುತ್ತದೆ. ವೈಟ್‌ಫೀಲ್ಡ್‌ನ ಎಂಜಿನಿಯರ್ ಸಾಹೇಬರು ಜಮೀನಿನ ದಲ್ಲಾಳಿಗೆ ಫೋನ್ ಮಾಡುವ ಮೊದಲು ಒಮ್ಮೆ ತೆರೆದು ನೋಡಲಿ, ಹತ್ತು ನಿಮಿಷದ ಕೆಲಸ.

ಪ್ರಶ್ನೆ (ರಾಜಾಜಿನಗರದ ಸದಸ್ಯರು, ಮತ್ತೆ):
ಮೇಡಂ, ತಮ್ಮ ಕಂಪನಿಯವರಿಂದ ನಕ್ಷೆಯ ಫೋಟೊ ತರಿಸಿಕೊಂಡ. ಗೋಪುರ 140 ಮೀಟರ್, ರೆಕ್ಕೆಚಕ್ರ 160 ಮೀಟರ್ ಎಂದಿದೆ. ನಮ್ಮ ತೋಟದ ಮನೆಗೆ 310 ಮೀಟರ್ ದೂರ. ಆದರೆ ನಕ್ಷೆಯಲ್ಲಿ ನಮ್ಮ ಮನೆಯೇ ಇಲ್ಲ, ಆ ಜಾಗ ಖಾಲಿ ಇದೆ. ತಮ್ಮ, ಅವನ ಹೆಂಡತಿ, ಅಮ್ಮ ಮೂವರೂ ಅಲ್ಲೇ ಇರುವುದು.

ಉತ್ತರ:
ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯಲ್ಲಿ ಎರಡು ಅಳತೆಗಳಿವೆ. ಮೊದಲನೆಯದು ರಸ್ತೆ, ಕಟ್ಟಡ, ರೈಲು ಹಳಿಗಳಿಂದ: ಗೋಪುರದ ಎತ್ತರ, ಅದಕ್ಕೆ ರೆಕ್ಕೆಚಕ್ರದ ವ್ಯಾಸದ ಅರ್ಧ, ಮೇಲೆ 5 ಮೀಟರ್. ನಿಮ್ಮಲ್ಲಿ 140, 80, 5 ಸೇರಿ 225. ಯಂತ್ರ ಮಗುಚಿ ಬಿದ್ದರೂ ಮೈಮೇಲೆ ಬೀಳದಿರಲಿ ಎಂಬ ಲೆಕ್ಕ ಅದು. ಇನ್ನೊಂದು ಶಬ್ದಕ್ಕಾಗಿ: ವಾಸದ ಮನೆಯಿಂದ 500 ಮೀಟರ್ ಒಳಗೆ ಬೇಡ. ಅವರ ನಕ್ಷೆಯಲ್ಲಿ ಮನೆ ಇಲ್ಲದ ಕಾರಣ ಎರಡನೆಯ ಅಳತೆ ಅವರಿಗೆ ಅನ್ವಯಿಸಲೇ ಇಲ್ಲ. 310 ಮೀಟರ್‌ನಲ್ಲಿ ರಾತ್ರಿ ಊರು ಮಲಗಿದ ಮೇಲೆ ಆ ಬೀಸಿನ ಸದ್ದು ಅಮ್ಮನವರಿಗೆ ಕೇಳುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ.

ಪಂಚಾಯಿತಿಯಲ್ಲಿ ಆ ಮನೆಗೆ ಕಂದಾಯ ಕಟ್ಟಿದ ರಸೀದಿ ಇದೆಯೇ? ವಿದ್ಯುತ್ ಬಿಲ್ ಯಾರ ಹೆಸರಿನಲ್ಲಿ ಬರುತ್ತಿದೆ?

ರಾಜಾಜಿನಗರದ ಸದಸ್ಯರು:
ಈಗ ತಾನೇ ತಮ್ಮನಿಗೆ ಫೋನ್ ಮಾಡಿದೆ. ರಸೀದಿ ಅಪ್ಪನ ಹೆಸರಿನಲ್ಲಿದೆ, 2011ರದ್ದು. ಆಮೇಲೆ ಕಟ್ಟಿಯೇ ಇಲ್ಲವಂತೆ. ಬಿಲ್ ಪ್ರತಿ ತಿಂಗಳೂ ಬರುತ್ತದೆ.

ಉತ್ತರ:
ನಾಳೆಯೇ ಬಾಕಿ ಕಟ್ಟಿಸಿ ಹೊಸ ರಸೀದಿ ತೆಗೆಸಿಕೊಳ್ಳಲಿ. ಮನೆಯ ಮುಂದೆ ನಿಂತು ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಕಾಣುವಂತೆ ಒಂದು ಫೋಟೊ ತೆಗೆಯಲಿ, ಅಮ್ಮನವರೂ ಅದರಲ್ಲಿರಲಿ. ನಕ್ಷೆಯಲ್ಲಿ ನಮ್ಮ ಮನೆ ಬಿಟ್ಟುಹೋಗಿದೆ ಎಂದು ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದು ಕಂಪನಿಗೆ, ಒಂದು ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತಕ್ಕೆ. ನಿಯಮಿತದ ಕಚೇರಿ ಬೆಂಗಳೂರಿನಲ್ಲೇ ಇದೆ, ನೀವೇ ಹೋಗಿ ಕೊಟ್ಟು ಮೊಹರು ಹಾಕಿಸಿಕೊಂಡು ಬನ್ನಿ. ನಕ್ಷೆಯ ಫೋಟೊ ನನಗೂ ಕಳಿಸಿ. ಗುಡ್ಡದ ಬುಡದಲ್ಲಿ ಹಳ್ಳವೊಂದು ಕಂಡರೆ ಟ್ರೇಲರ್ ದಾರಿ ಅದನ್ನು ಎಲ್ಲಿ ದಾಟುತ್ತದೆ ಎಂದು ನೋಡಬೇಕು.