ಅಪ್‌ಡೇಟ್: ಬಾಡಿಗೆ ಮಳಿಗೆಗೆ ಜಿಎಸ್‌ಟಿ ನಂಬರ್ ಸಿಕ್ಕಿತು

ಬಾಡಿಗೆ ಕರಾರಿನಲ್ಲಿ ಈಗಿನ ಮಾಲೀಕರ ಹೆಸರು, ಕರೆಂಟ್ ಬಿಲ್‌ನಲ್ಲಿ ತೀರಿಕೊಂಡ ಅವರ ತಂದೆಯ ಹೆಸರು. ಅದಕ್ಕೇ ನನ್ನ ಜಿಎಸ್‌ಟಿ ನೋಂದಣಿ ಅರ್ಜಿಗೆ ಆರ್‌ಇಜಿ-03 (ಸ್ಪಷ್ಟೀಕರಣ ಕೇಳುವ) ನೋಟಿಸ್ ಬಂದಿದೆ, ಏನು ಮಾಡೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ನೋಂದಣಿ ಆಯ್ತು, ಆರ್‌ಇಜಿ-06 ಪ್ರಮಾಣಪತ್ರವೂ ಬಂತು. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.

ಕೆಲಸಕ್ಕೆ ಬಂದದ್ದು ಕರೆಂಟ್ ಬಿಲ್ ಬಿಟ್ಟು ಆಸ್ತಿ ತೆರಿಗೆ ರಸೀದಿ ಹಾಕಿ ಅಂದವರ ಮಾತು. ರಸೀದಿ ಈಗಿನ ಮಾಲೀಕರ ಹೆಸರಲ್ಲೇ ಇತ್ತು. ಕರಾರು ರಿಜಿಸ್ಟರ್ ಆಗಿರದ ಕಾರಣ ಅವರ ಗುರುತಿನ ಚೀಟಿಯನ್ನೂ ಸೇರಿಸಿ ಆರ್‌ಇಜಿ-04ರಲ್ಲಿ ಉತ್ತರ ಕೊಟ್ಟಿದ್ದಾಯ್ತು. ಗಡುವು 7 ಕೆಲಸದ ದಿನ ಮಾತ್ರ, ದಾಟಿದರೆ ಅರ್ಜಿ ತಿರಸ್ಕಾರವಾಗಬಹುದು. ಮಳಿಗೆ ನಂಬರ್ ಒಂದು ಕಡೆ ‘12/1’, ಇನ್ನೊಂದು ಕಡೆ ‘12ಎ’ ಅಂತಿದ್ದರೂ ತಕರಾರು ಬರುತ್ತೆ, ನೋಡಿಕೊಳ್ಳಿ.

ಮಾಲೀಕರ ನೋಟರಿ ಒಪ್ಪಿಗೆ ಪತ್ರವೊಂದೇ ಸಾಕು ಅಂದದ್ದು ನಡೆಯಲಿಲ್ಲ. ಅದರ ಜೊತೆಗೂ ಮಾಲೀಕತ್ವದ ದಾಖಲೆ ಬೇಕೇ ಬೇಕು.

ಹೊಸದಾಗಿ ತಿಳಿದದ್ದು: 2025ರ ಏಪ್ರಿಲ್ 17ರ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ಸೂಚನೆ ಪ್ರಕಾರ ಮಾಲೀಕತ್ವಕ್ಕೆ ಯಾವುದಾದರೂ ಒಂದು ದಾಖಲೆ ಸಾಕು. ಇನ್ನೊಂದು, ನೋಂದಣಿಯಾದ 30 ದಿನದೊಳಗೆ ಅಥವಾ ಮೊದಲ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್) ಹಾಕುವ ಮುಂಚೆ, ಯಾವುದು ಮೊದಲೋ ಅಷ್ಟರಲ್ಲಿ, ಬ್ಯಾಂಕ್ ಖಾತೆ ಸೇರಿಸಿ. ಇಲ್ಲದಿದ್ದರೆ ನೋಂದಣಿ ಅಮಾನತಾಗುತ್ತೆ.