ಪದಚರ್ಚೆ: ಹಾಡೇ ಇಲ್ಲದ ಶ್ರುತಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಎಪ್ಪತ್ತರ ದಶಕದ ಜರ್ಮನ್ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದೇ ಪದಕ್ಕೆ ಸಿಕ್ಕಿಕೊಂಡು ಮೂರು ದಿನದಿಂದ ಮುಂದೆ ಹೋಗುತ್ತಿಲ್ಲ. ಬಿಡದೆ ಎಳೆದು ಹಿಡಿದ ನಾದಕ್ಕೆ ಇಂಗ್ಲಿಷಿನವರು ‘ಡ್ರೋನ್’ ಅನ್ನುತ್ತಾರಲ್ಲ, ಅದು. ಹಾಗೇ ಇಟ್ಟುಕೊಳ್ಳೋಣ ಅಂದರೆ ನಮ್ಮಲ್ಲಿ ಡ್ರೋನ್ ಅಂದರೆ ಮದುವೆಮನೆ ಮೇಲೆ ಹಾರುವ ಕ್ಯಾಮೆರಾ!

ನನ್ನ ಮುಂದಿರುವುದು ಜರ್ಮನ್ ಸಂಗೀತಗಾರ ಕ್ಲೌಸ್ ಶುಲ್ಟ್ಸೆ 1972ರಲ್ಲಿ ತಂದ ‘ಇರ್‌ಲಿಖ್ಟ್’ ಆಲ್ಬಮ್. ಅದರಲ್ಲಿ ಸಿಂಥಸೈಜರ್ ಇಲ್ಲ. ತಿದ್ದಿ ತೀಡಿದ ಒಂದು ಆರ್ಗನ್, ಜೊತೆಗೆ ಆರ್ಕೆಸ್ಟ್ರಾ ಒಂದರ ಟೇಪನ್ನು ಹಿಂದುಮುಂದಾಗಿ ಓಡಿಸಿದ ಸದ್ದು. ಮೊದಲ ಭಾಗವೇ 23 ನಿಮಿಷ. ತಾಳವಿಲ್ಲ, ಹಾಡಿಲ್ಲ, ಬರೀ ಎಳೆದ ನಾದ. ಅಂದಹಾಗೆ ಈ ಹೆಸರಿಗೆ ಕನ್ನಡ ಹುಡುಕುವ ಕಷ್ಟವೇ ಬರಲಿಲ್ಲ. ರಾತ್ರಿ ಜೌಗಿನಲ್ಲಿ ಮಿಣುಗಿ ದಾರಿ ತಪ್ಪಿಸುವ ಬೆಳಕು, ನಮ್ಮ ಕೊಳ್ಳಿದೆವ್ವ. ಹೆಸರು ಇಷ್ಟು ಸಲೀಸಾಗಿ ಬಂತು, ಒಳಗಿನ ಸದ್ದಿಗೆ ಮಾತ್ರ ಪದವಿಲ್ಲ.

ಮೊದಲು ಹೊಳೆದದ್ದು ‘ಶ್ರುತಿ’. ಆದರೆ ತಂಬೂರಿ ಮೀಟಿದ ಕೂಡಲೇ ನಮ್ಮ ಕಿವಿ ಹಾಡುವವರಿಗೆ ಕಾಯುತ್ತದೆ. ಓಲಗದಲ್ಲಿ ಒಬ್ಬ ಶ್ರುತಿ ಹಿಡಿದು ನಿಲ್ಲುವುದು ಇನ್ನೊಬ್ಬ ನುಡಿಸಲಿ ಅಂತ ತಾನೇ? ಇಲ್ಲಿ ಯಾರೂ ಬರುವುದೇ ಇಲ್ಲ. ಅದೂ ಅಲ್ಲದೆ ಶ್ರುತಿ ಕದಲಬಾರದು. ಅದೇ ವರ್ಷದ ಟ್ಯಾಂಜರೀನ್ ಡ್ರೀಮ್ ತಂಡದ ‘ತ್ಸೈಟ್’ ಆಲ್ಬಮ್ ಕೇಳಿ. ಶುರುವಿನಲ್ಲೇ ನಾಲ್ಕು ಸೆಲ್ಲೋಗಳು (ದೊಡ್ಡ ಪಿಟೀಲಿನಂಥ ವಾದ್ಯ) ಸ್ವರವನ್ನು ನಿಧಾನಕ್ಕೆ ಜಾರಿಸುತ್ತಾ ಹೋಗುತ್ತವೆ. ಅದನ್ನು ಶ್ರುತಿ ಅಂದರೆ ಸಂಗೀತದ ಮೇಷ್ಟ್ರು ಬೈದಾರು.

‘ಅನುರಣನ’ವೂ ಆಗದು. ಅದು ಹೊಡೆದ ಗಂಟೆಯ ಬಾಲ. ಇಲ್ಲಿ ಗಂಟೆಯನ್ನೇ ಹೊಡೆದಿಲ್ಲ.

‘ಝೇಂಕಾರ’ ಅರ್ಥಕ್ಕೆ ಹತ್ತಿರ. ಇಂಗ್ಲಿಷಿನ ಡ್ರೋನ್ ಕೂಡ ಮೂಲದಲ್ಲಿ ಗಂಡುಜೇನೇ. ಆದರೆ ಝೇಂಕಾರ ಅಂದರೆ ಹೂದೋಟ, ದುಂಬಿ, ವಸಂತ ಎಲ್ಲ ಒಟ್ಟಿಗೆ ಬಂದುಬಿಡುತ್ತವೆ. ಬರ್ಲಿನ್ನಿನ ಈ ಕತ್ತಲೆ ಸದ್ದಿಗೆ ಆ ಅಲಂಕಾರ ಜಾಸ್ತಿಯಾಯಿತು.

ಸದ್ಯಕ್ಕೆ ನನ್ನ ಒಲವು ‘ಮೊರೆತ’ದ ಕಡೆ. ದುಂಬಿಯೂ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ. ಸಣ್ಣದು, ದೊಡ್ಡದು ಎರಡಕ್ಕೂ ಆಯಿತು. ಅನುಮಾನ ಒಂದೇ: ಓದುವವರಿಗೆ ಮೊದಲು ಅಲೆಯ ಅಬ್ಬರವೇ ಕೇಳಿಸಿಬಿಟ್ಟರೆ?

ಮೊನ್ನೆ ‘ಇರ್‌ಲಿಖ್ಟ್’ ಅನ್ನೇ ಸ್ಪೀಕರಿನಲ್ಲಿ ಹಾಕಿಕೊಂಡು ಕೂತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು, “ಫ್ರಿಜ್ ಯಾಕೋ ಗುಂಯ್ ಅಂತಿದೆ, ನೋಡೋ” ಅಂದರು. ನನಗೆ ನಗು ಬಂತು. ಆಮೇಲೆ ಯೋಚಿಸಿದರೆ, ನಾನು ಪುಟಗಟ್ಟಲೆ ಬರೆದದ್ದಕ್ಕಿಂತ ಅದೇ ಸರಿ ಇತ್ತು. ಆದರೆ ‘ಗುಂಯ್’ ಅನ್ನುವುದನ್ನು ನಾಮಪದ ಮಾಡುವುದು ಹೇಗೆ? ‘ಗುಂಯ್‌ಗುಡಿಕೆ’ ಅಂದರೆ ಸುಮ್ನೆ ತಮಾಷೆ ಅನ್ನಿಸುತ್ತದೆ ಅಲ್ವಾ?

ನಿಮ್ಮ ಕಡೆ ಟ್ರಾನ್ಸ್‌ಫಾರ್ಮರ್ ಸದ್ದಿಗೆ, ಜೇನುಗೂಡಿಗೆ ಕಿವಿಯಿಟ್ಟಾಗ ಕೇಳುವ ಸದ್ದಿಗೆ ಏನನ್ನುತ್ತಾರೆ? ಎರಡಕ್ಕೂ ಒಂದೇ ಪದ ಇದ್ದರೆ ದಯವಿಟ್ಟು ಅದನ್ನೇ ಮೊದಲು ತಿಳಿಸಿ.