ತಾತನ ಕೀ ಕೊಡುವ ರೈಲು: ಯಾವ ಕಾಲದ್ದು, ಬೆಲೆ ಎಷ್ಟು, ಯಾಕೆ ಓಡ್ತಿಲ್ಲ?

ಕೆಜಿಎಫ್ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಇಂಗ್ಲೆಂಡಿಗೆ ವಾಪಸ್ ಹೋಗುವಾಗ ಅಲ್ಲಿನ ಒಬ್ಬ ದೊರೆ ಕೊಟ್ಟು ಹೋದ ಆಟದ ರೈಲು ಇದು. ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತು. ಕೆಂಪು ತಗಡಿನ ಚಿಕ್ಕ ಇಂಜಿನ್, ನಾಲ್ಕು ಗಾಲಿ, ಎರಡೂ ಪಕ್ಕಕ್ಕೆ ನೀರಿನ ಟ್ಯಾಂಕ್. ಮೇಲೆ ಎಲ್ಎಂಎಸ್ ಅಂತ, 2270 ಅಂತ ಇದೆ. ಚಿಕ್ಕ ಅಕ್ಷರದಲ್ಲಿ ಹಾರ್ನ್‌ಬಿ, ಮೇಡ್ ಇನ್ ಇಂಗ್ಲೆಂಡ್ ಅಂತಲೂ ಇದೆ. ಜೊತೆಗೆ ಆರು ತುಂಡು ಹಳಿ, ಒಂದು ಹರಿದ ರಟ್ಟಿನ ಡಬ್ಬಿ.

ಕೀ ಹಾಕಿದರೆ ಕೂದಲೆಳೆಯಷ್ಟೂ ತಿರುಗುವುದಿಲ್ಲ. ಗಾಲಿಯೂ ಅಲುಗಾಡಲ್ಲ. ಯಾರೋ ಜಾಸ್ತಿ ಕೀ ಕೊಟ್ಟು ಕೆಡಿಸಿದ್ದಾರೆ ಅಂತ ಮಾಮ ಹೇಳ್ತಾರೆ. ಮನೆಯಲ್ಲಿ ಎಲ್ಲರೂ ಇದು 1930ರದ್ದು ಅಂತಾರೆ. ಹಳೆ ಸಾಮಾನು ಕೊಳ್ಳುವವರೊಬ್ಬರು ಫೋಟೋ ನೋಡಿ, ಬಣ್ಣ ಹೊಡೆಸಿ ತನ್ನಿ, ಲಕ್ಷಕ್ಕೆ ಹೋಗುತ್ತೆ ಅಂದರು. ನಿಜಾನಾ?

ತಗಡಿನ ಬಂಡಿ:

ಮೇಡಂ, ದಯವಿಟ್ಟು ಬಣ್ಣ ಹೊಡೆಸಬೇಡಿ. ಮೊದಲು ಅದನ್ನೇ ಹೇಳಿಬಿಡ್ತೀನಿ. ಆ ಕೆಂಪು, ಆ ಗೆರೆ, ಆ ಅಕ್ಷರ ಎಲ್ಲ ತಗಡಿನ ಮೇಲೆ ಅಚ್ಚು ಹಾಕಿದ್ದು. ಅದರ ಮೇಲೆ ಹೊಸ ಬಣ್ಣ ಬಿತ್ತು ಅಂದರೆ ಸಂಗ್ರಹ ಮಾಡುವವರು ತಿರುಗಿಯೂ ನೋಡಲ್ಲ. ಸೋಪು ನೀರು ಕೂಡ ಬೇಡ. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.

ನಿಮ್ಮ ಹತ್ತಿರ ಇರುವುದು ಲಿವರ್‌ಪೂಲಿನ ಮೆಕ್ಯಾನೋ ಕಂಪನಿಯ ಟ್ಯಾಂಕ್ ಇಂಜಿನ್. ಫ್ರಾಂಕ್ ಹಾರ್ನ್‌ಬಿ ಶುರು ಮಾಡಿದ ಕಂಪನಿ ಅದು. 1920ರಿಂದ ಕೀ ಕೊಡುವ ರೈಲು ಮಾಡಿದರು. ಹಳಿಯನ್ನು ಒಳ ಅಂಚಿನಿಂದ ಒಳ ಅಂಚಿಗೆ ಅಳೆಯಿರಿ, 32 ಮಿಲಿಮೀಟರ್ ಬಂದರೆ ಓ ಗೇಜ್ ಅನ್ನುವ ಅಳತೆಯದು. ಎರಡೇ ಕಂಬಿ ಇದ್ದರೆ ಕೀ ಕೊಡುವ ರೈಲಿನ ಹಳಿ. ಮಧ್ಯದಲ್ಲಿ ಮೂರನೆಯ ಕಂಬಿ ಇದ್ದರೆ ಅದು ಕರೆಂಟ್ ರೈಲಿನದ್ದು, ಬೇರೆ ಎಲ್ಲಿಂದಲೋ ಸೇರಿಕೊಂಡಿದೆ.

ಕಾಲದ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಎಲ್ಎಂಎಸ್ ಅನ್ನುವ ಬ್ರಿಟನ್ನಿನ ರೈಲ್ವೆ ಕಂಪನಿ ಇದ್ದದ್ದು 1923ರಿಂದ 1947ರ ಕೊನೆಯವರೆಗೆ, ಆಮೇಲೆ ಎಲ್ಲ ಸರ್ಕಾರದ ಬ್ರಿಟಿಷ್ ರೈಲ್ವೇಸ್ ಆಯಿತು. ಹಾಗಂತ ಆಟಿಕೆಯೂ 1947ಕ್ಕಿಂತ ಹಿಂದಿನದು ಅಂದುಕೊಳ್ಳಬಾರದು. ಹಾರ್ನ್‌ಬಿಯವರು ಆಮೇಲೂ ಕೆಲವು ವರ್ಷ ಹಳೆ ಅಕ್ಷರಗಳನ್ನೇ ಹಾಕಿ ಮಾರಿದರು. ಇದೇ ಇಂಜಿನ್, ಇದೇ 2270 ನಂಬರ್, ಎರಡನೇ ಮಹಾಯುದ್ಧಕ್ಕೆ ಮುಂಚೆ ಎಂ3 ಅನ್ನುವ ಹೆಸರಲ್ಲಿ ಬರ್ತಿತ್ತು, ಯುದ್ಧ ಮುಗಿದ ಮೇಲೆ 101 ಆಯಿತು. ಡಬ್ಬಿಯ ಬದಿಯ ಚೀಟಿ ನೋಡಿ. ಹರಿದಿದ್ದರೂ ಬಿಸಾಡಬೇಡಿ.

ಇನ್ನು ಸ್ಪ್ರಿಂಗ್. ಜಾಸ್ತಿ ಕೀ ಕೊಟ್ಟು ಕೆಡೋದು ಅನ್ನೋದು ಹೆಚ್ಚಿನ ಸಲ ತಪ್ಪು ತಿಳುವಳಿಕೆ. ಸ್ಪ್ರಿಂಗ್ ತುಂಡಾಗಿದ್ದರೆ ಕೀ ಸುಮ್ನೆ ಬಿಗಿಯಿಲ್ಲದೆ ತಿರುಗ್ತಾ ಹೋಗುತ್ತೆ. ನಿಮ್ಮದು ತಿರುಗ್ತಾನೇ ಇಲ್ಲ, ಅಂದರೆ ಪೂರ್ತಿ ಸುತ್ತಿಕೊಂಡಿದೆ, ಬಿಚ್ಚಿಕೊಳ್ಳೋಕೆ ದಾರಿ ಸಿಕ್ಕಿಲ್ಲ. ಡ್ರೈವರ್ ನಿಲ್ಲುವ ಜಾಗದ ಹಿಂದೆ ಎರಡು ಕಡ್ಡಿ ಹೊರಗೆ ಬಂದಿವೆಯಾ? ಒಂದು ಮುಂದೆ–ಹಿಂದೆ ಬದಲಿಸೋಕೆ, ಇನ್ನೊಂದು ಬ್ರೇಕ್.

ಕೆಜಿಎಫ್ ಮೊಮ್ಮಗಳು:

ಎರಡು ಕಡ್ಡಿ ಇವೆ! ಒಂದನ್ನು ಮೆಲ್ಲಗೆ ಎಳೆದೆ. ಒಳಗೆ ಟಕ್ ಅಂತು. ಗಾಲಿ ಒಂದು ಕಾಳಿನಷ್ಟು ಸರಿದು ಮತ್ತೆ ನಿಂತಿತು.

ತಗಡಿನ ಬಂಡಿ:

ಹಾಗಾದರೆ ಬ್ರೇಕ್ ಬಿಟ್ಟಿದೆ, ಈಗ ಹಿಡಿದಿರುವುದು ಹಳೆ ಎಣ್ಣೆ. ಎಪ್ಪತ್ತು ವರ್ಷದ ಎಣ್ಣೆ ಅಂಟಾಗಿರುತ್ತೆ, ಮಾವಿನ ಸೊನೆ ಒಣಗಿದ ಹಾಗೆ. ಬಲ ಹಾಕಬೇಡಿ, ಪೇಚು ಬಿಚ್ಚಬೇಡಿ. ಸುತ್ತಿದ ಸ್ಪ್ರಿಂಗ್ ಚಿಮ್ಮಿದರೆ ಕೈ ಕೊಯ್ಯುತ್ತೆ. ತೆಳು ಬ್ರಷ್ಷಿಗೆ ಸ್ವಲ್ಪ ಸೀಮೆಎಣ್ಣೆ ಅದ್ದಿ, ಹಲ್ಲಿನ ಚಕ್ರಗಳ ಅಚ್ಚಿನ ಕಡ್ಡಿ ತಗಡಿನ ತೂತಿನಲ್ಲಿ ಕೂರುವ ಜಾಗಕ್ಕೆ ಮಾತ್ರ ಹಚ್ಚಿ. ಹೊರಗಿನ ಬಣ್ಣಕ್ಕೆ ತಾಗಬಾರದು. ಒಂದು ರಾತ್ರಿ ಬಿಡಿ. ಬೆಳಗ್ಗೆ ಗಾಲಿಗಳನ್ನು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಲು ಬಿಡಿ. ಒಮ್ಮೆಲೇ ಬಿಟ್ಟರೆ ಜೋರಾಗಿ ತಿರುಗಿ ಹಲ್ಲು ಸವೆಯುತ್ತೆ, ಬೆರಳೂ ಸಿಕ್ಕಿಕೊಳ್ಳಬಹುದು. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು, ಅಷ್ಟೇ.

ಹಾಗೇ ಗಾಲಿಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಬಿರುಕಿದೆಯಾ ಅಂತ. ಯುದ್ಧಕ್ಕೆ ಮುಂಚಿನ ಎರಕದ ಗಾಲಿಗಳಲ್ಲಿ ಸತುವಿಗೆ ಸೀಸ ಬೆರೆತಿದ್ದರೆ ಅವು ಊದಿಕೊಂಡು, ಬಿರಿದು, ರಸ್ಕಿನ ಹಾಗೆ ಪುಡಿಯಾಗುತ್ತವೆ. ಅದಕ್ಕೆ ಔಷಧಿ ಇಲ್ಲ, ಗಾಲಿಯನ್ನೇ ಬದಲಿಸಬೇಕು.

ಹಳಿ ಮಾಸ್ತರ:

ಬೆಲೆ ಬಗ್ಗೆ ನಾನು ಹೇಳ್ತೀನಿ ಅಕ್ಕ. ಲಕ್ಷದ ಮಾತು ಬಿಟ್ಟುಬಿಡಿ. ಇದು ಹಾರ್ನ್‌ಬಿಯವರ ಅಗ್ಗದ ಸಾಲಿನ ಇಂಜಿನ್, ಸಾವಿರಾರು ಮನೆಗಳಿಗೆ ಹೋದದ್ದು. ಇವತ್ತಿಗೂ ಇಂಗ್ಲೆಂಡಿನ ಹರಾಜುಗಳಲ್ಲಿ ಸಲೀಸಾಗಿ ಸಿಗುತ್ತೆ, ಹತ್ತಾರು ಪೌಂಡುಗಳ ಆಸುಪಾಸು. ಆನ್‌ಲೈನ್‌ನಲ್ಲಿ ಕೇಳುವ ಬೆಲೆ ನೋಡಬೇಡಿ, ಮಾರಾಟ ಆಗಿರುವ ಬೆಲೆ ನೋಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು ಅಲ್ವಾ? ಅಚ್ಚು ಮಾಸದ ತಗಡು, ಓಡುವ ಸ್ಪ್ರಿಂಗ್, ಅದರದ್ದೇ ಡಬ್ಬಿ, ಅದರದ್ದೇ ಕೀ ಇದ್ದರೆ ಬೆಲೆ ಏರುತ್ತೆ. ಕಾನೂನಿನ ಲೆಕ್ಕದಲ್ಲೂ ಇದು ಪುರಾತನ ವಸ್ತು ಅಲ್ಲ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಇಂಥ ವಸ್ತುಗಳಿಗೆ ಕನಿಷ್ಠ 100 ವರ್ಷ ಆಗಿರಬೇಕು.

ಕೆಜಿಎಫ್ ಮೊಮ್ಮಗಳು:

ಮೂರು ದಿನ ಆಯಿತು. ಎರಡು ರಾತ್ರಿ ಸೀಮೆಎಣ್ಣೆ ಬೇಕಾಯಿತು. ಹಿಡಿದಿದ್ದ ಬಟ್ಟೆಯೊಳಗೆ ಗಾಲಿ ಮೊದಲ ಸಲ ತಿರುಗಿದಾಗ ಕೈಯಲ್ಲಿ ಗುಬ್ಬಿ ಹಿಡಿದ ಹಾಗಾಯಿತು. ಈಗ ಕೀ ಕೊಟ್ಟರೆ ಅಡುಗೆಮನೆ ಬಾಗಿಲಿಂದ ನಡುಮನೆ ಕಂಬದವರೆಗೂ ಓಡುತ್ತೆ. ಗಾಲಿಯಲ್ಲಿ ಬಿರುಕಿಲ್ಲ. ಹಳಿ 32 ಮಿಲಿಮೀಟರ್, ಎರಡೇ ಕಂಬಿ.

ಡಬ್ಬಿಯ ಚೀಟಿ ಮೇಲಿನ ಧೂಳು ಒರೆಸಿದೆ. 101 ಅಂತ ಇದೆ. ಅಮ್ಮನಿಗೆ ತೋರಿಸಿದೆ. ಹೌದು, ಗಣಿ ಮೈಸೂರು ಸರ್ಕಾರದ ಕೈಗೆ ಬಂದ ವರ್ಷವೇ ಆ ದೊರೆ ಹೊರಟಿದ್ದು ಅಂತ ಈಗ ನೆನಪು ಮಾಡಿಕೊಂಡರು. ಅಂದರೆ 1956.

ಹಳಿ ಮಾಸ್ತರ:

ಹಾಗಾದರೆ ಸರಿಯಾಗಿ ಹೊಂದುತ್ತೆ ಅಕ್ಕ. 101 ಅಂದರೆ ಯುದ್ಧ ಮುಗಿದ ಮೇಲಿನದು, 1930ರದ್ದಲ್ಲ. ಅಮ್ಮ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಡಬ್ಬಿಯೊಳಗೆ ಇಡಿ. ಇಡುವ ಮುಂಚೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳಲಿ, ಸುತ್ತಿದ ಹಾಗೇ ಮತ್ತೆ ಅಟ್ಟಕ್ಕೆ ಹಾಕಬೇಡಿ.